ಐದನೆಯ ಫೌಲು

ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಆಟದ ಟೀಚರಾಗಿರುವ ಸುಜಾತಾ ಇಪ್ಪತ್ತಾರು ವರ್ಷಗಳಿಂದ ಬ್ಯಾಸ್ಕೆಟ್‌ಬಾಲ್ ರೆಫರಿ. ಬೈಗುಳ ಅವಳಿಗೆ ಹೊಸದಲ್ಲ. ಸೋತವರು ಬೈಯುತ್ತಾರೆ, ಗೆದ್ದವರು ಹೆಸರನ್ನೂ ಕೇಳುವುದಿಲ್ಲ. ಆದರೆ ಈಚೆಗೆ ಒಂದು ಮಾತು ಹೋದಲ್ಲೆಲ್ಲ ಬೆನ್ನು ಹತ್ತಿತ್ತು: ದೊಡ್ಡ ಆಟಗಾರರ ಮುಂದೆ ರೆಫರಿಗಳ ಸೀಟಿಗೆ ದನಿ ಬರುವುದಿಲ್ಲ. ಟಿವಿಯಲ್ಲಿ ಪರದೇಶದ ಫೈನಲ್ ಬಂದಾಗ ಗಂಡ ಶಿವಪುತ್ರನೂ ಅದನ್ನೇ ಅನ್ನುತ್ತಿದ್ದ. ವಾದಿಸಿ ವಾದಿಸಿ ಸುಜಾತಾಳಿಗೆ ಸಾಕಾಗಿತ್ತು.

ಆ ಭಾನುವಾರ ಗೋಕಾಕದಲ್ಲಿ ಹೆಂಗಸರ ಟೂರ್ನಿಯ ಫೈನಲ್, ಸುಜಾತಾಳೇ ರೆಫರಿ. ಗೋಕಾಕದ ಕ್ಲಬ್ಬಿನ ಪರವಾಗಿ ಕಾಜಲ್ ಆಡುವವಳಿದ್ದಳು. ಮೇಲವಂಕಿಯ ಒಕ್ಕಲು ಮನೆಯ ಹುಡುಗಿ, ಈಗ ಪುಣೆಯ ವೃತ್ತಿಪರ ತಂಡದ ಆಟಗಾರ್ತಿ. ಬಸ್‌ಸ್ಟ್ಯಾಂಡಿನಿಂದ ಮೈದಾನದವರೆಗೂ ಅವಳದೇ ಬ್ಯಾನರು. ಎದುರಿಗೆ ಮೂಡಲಗಿ ತಂಡ.

ಮೊದಲರ್ಧದಲ್ಲೇ ಕಾಜಲ್ ಚೆಂಡು ಪುಟಿಸದೆ, ನಿಯಮ ಮೀರಿ ಮೂರು ಹೆಜ್ಜೆ ಹಾಕಿ ಬುಟ್ಟಿಗೆ ಎಸೆದಳು. ಸುಜಾತಾ ಕಣ್ಣಾರೆ ಕಂಡಳು. ಸೀಟಿ ತುಟಿಯಲ್ಲೇ ಇತ್ತು. ಅಷ್ಟರಲ್ಲಿ ಜನ ಎದ್ದು ಕೂಗಿಬಿಟ್ಟರು, ಊದುವ ಹೊತ್ತು ಮೀರಿತು. ಬೇಕೆಂದು ಬಿಟ್ಟದ್ದಲ್ಲ. ಬಿಟ್ಟದ್ದಂತೂ ಹೌದು.

ವಿರಾಮದಲ್ಲಿ ಮೂಡಲಗಿಯ ಕೋಚ್ ಬೀರಸಿದ್ದಪ್ಪ ಹತ್ತಿರ ಬಂದ. ಸಿಟ್ಟಿನಿಂದಲ್ಲ, ಮೆಲ್ಲಗೆ ಕೇಳಿದ:

“ಮೇಡಮ್ಮಾರ, ಬ್ಯಾನರಿನ್ಯಾಗ ಇದ್ದವರಿಗೆ ರೂಲು ಬ್ಯಾರೆ ಐತೇನ್ರಿ?”

ಸುಜಾತಾ ಸೀಟಿ ಒರೆಸಿಕೊಂಡು ಅಂಕಣದ ಕಡೆ ನಡೆದಳು.

ಎರಡನೆಯ ಅರ್ಧವೆಲ್ಲ ಆ ಪ್ರಶ್ನೆ ತಲೆಯೊಳಗೆ ಕೊರೆಯಿತು. ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಕಾಜಲಳ ಲೆಕ್ಕದಲ್ಲಿ ನಾಲ್ಕು ಫೌಲು. ಐದಾದರೆ ಆಟಗಾರ್ತಿ ಹೊರಗೆ. ಮೂಡಲಗಿಯ ರಾಧಿಕಾ ನುಗ್ಗಿ ಬಂದಳು, ಕಾಜಲ್ ಅಡ್ಡ ನಿಂತಳು, ರಾಧಿಕಾ ತನ್ನ ಕಾಲಿಗೆ ತಾನೇ ತೊಡರಿ ಬಿದ್ದಳು. ಕಣ್ಣು ಅದನ್ನು ಹಿಡಿಯುವ ಮೊದಲೇ ಸೀಟಿ ಊದಿಯಾಗಿತ್ತು. ಸುಜಾತಾ ಐದು ಬೆರಳು ಎತ್ತಿ ತೋರಿಸಿದಳು. ಕಾಜಲ್ ಒಂದು ಕ್ಷಣ ಅವಳನ್ನೇ ನೋಡಿದಳು. ಎದುರಾಡದೆ ಬೆಂಚಿಗೆ ಹೋದಳು. ಗೋಕಾಕ ಎರಡು ಅಂಕದಿಂದ ಸೋತಿತು.

ಜನ ಬಾಯಿಗೆ ಬಂದದ್ದು ಅಂದರು. ಅದು ತಟ್ಟಲಿಲ್ಲ. ಬೀರಸಿದ್ದಪ್ಪ ಕೈಮುಗಿದು, “ಇವತ್ತ ನ್ಯಾಯ ಸಿಕ್ತ ನೋಡ್ರಿ” ಎಂದದ್ದು ತಟ್ಟಿತು.

ಕಾಜಲ್ ಬೆಂಚಿನ ಮೇಲೆ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕುಳಿತಿದ್ದಳು. ಸುಜಾತಾ ಹೋಗಿ ಪಕ್ಕದಲ್ಲಿ ಕುಳಿತಳು.

“ನಾ ಅಕೀನ್ನ ಮುಟ್ಟಿಲ್ಲರಿ,” ಎಂದಳು ಕಾಜಲ್.

“ಗೊತ್ತೈತವಾ. ತಪ್ಪು ನಂದು.”

ಹುಡುಗಿ ಐಸನ್ನು ಮೊಣಕಾಲಿನ ಇನ್ನೊಂದು ಬದಿಗೆ ಸರಿಸಿದಳು. “ಮೊದಲ ಮೂರು ಹೆಜ್ಜಿ ಹಾಕಿದ್ನಿ, ಅದನ್ನ ಬಿಟ್ರಿ. ಅವಾಗ ನಾನೂ ಬಾಯಿ ಬಿಡಲಿಲ್ಲ. ಎಲ್ಲಾ ಕಡೆ ಹಂಗ ಬಿಡ್ತಾರ್ರಿ ನಮ್ಮನ್ನ. ರೂಢಿ ಆಗಿ ಹೋಗೈತಿ. ಖರೆ ಹೇಳ್ಬೇಕಂದ್ರ, ಗೆದ್ದಾಗೆಲ್ಲಾ ಗೆದ್ದಿದ್ದು ನಾನೋ ಬ್ಯಾನರೋ ಅಂತ ನನಗ ತಿಳಿಯೂದಿಲ್ಲ.”

ವರದಿ ಬರೆಯುವಾಗ ಸುಜಾತಾ ಎರಡೂ ತಪ್ಪುಗಳನ್ನು ಬರೆದಳು: ಬಿಟ್ಟದ್ದು ಒಂದು, ಇಲ್ಲದ್ದನ್ನು ಹಿಡಿದದ್ದು ಒಂದು. ಟೂರ್ನಿಯ ಕಾರ್ಯದರ್ಶಿ ರಾಚಪ್ಪ ಓದಿ ತಲೆ ಕೆರೆದುಕೊಂಡ.

“ಯಾರೂ ಕೇಳಿಲ್ಲಲ್ರಿ. ಸುಮ್ನ ಯಾಕ ಬರೀತೀರಿ?”

“ಕೇಳಿದಾರ್ರಿ,” ಎಂದು ಸಹಿ ಹಾಕಿದಳು.

ಫಲಿತಾಂಶ ಬದಲಾಗಲಿಲ್ಲ. ಟ್ರೋಫಿ ಮೂಡಲಗಿಗೇ ಹೋಯಿತು. ಮರುವರ್ಷದ ರೆಫರಿಗಳ ಪಟ್ಟಿಯಲ್ಲಿ ಸುಜಾತಾಳ ಹೆಸರಿರಲಿಲ್ಲ. ಶಿವಪುತ್ರ ಪಟ್ಟಿಯನ್ನು ಎರಡು ಸಲ ನೋಡಿ, “ಬ್ಯಾಸರ ಆತೇನ?” ಎಂದು ಕೇಳಿದ.

“ಆತು,” ಎಂದಳು ಸುಜಾತಾ. ಸ್ವಲ್ಪ ತಡೆದು, “ಹಗುರಾನೂ ಆತು,” ಎಂದಳು.

ಆ ವರ್ಷದ ಫೈನಲ್ಲಿನ ದಿನ ಅವಳು ಗೋಕಾಕಕ್ಕೆ ಹೋಗಲಿಲ್ಲ. ಊಟ ಮುಗಿಸಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಮಧ್ಯಾಹ್ನವಿಡೀ ಮಲಗಿದ್ದಳು.