ಒಂದೇ ಕೊಂಬಿನ ಕಾಟಿ

ಹೋದ ವರ್ಷ ಶಿವರಾತ್ರಿಯ ಮರುದಿನ ಬೆಳಿಗ್ಗೆ ಮೂವರು ಗಂಡಸರು ಬಣಕಲ್‌ನಲ್ಲಿ ಬೋರ್ಡಕ್ಕನ ವರ್ಕ್‌ಶಾಪಿಗೆ ನುಗ್ಗಿ, ಕಬ್ಬಿಣದ ಪೈಪಿನಿಂದ ಅವರ ಬಲಗೈ ಮುರಿದು, ತಲೆಗೆ ಹೊಡೆದರು. ಮೂವರಲ್ಲಿ ಒಬ್ಬ ತನ್ನ ಎರಡು ಬೆರಳುಗಳನ್ನು ಅಲ್ಲೇ ಬಿಟ್ಟು ಓಡಿದ. ಮರ ಕೆತ್ತುವ ಮೆಷಿನ್ ಮೇಲೆ ಬಿಗಿದಿದ್ದ ಹಲಸಿನ ಹಲಗೆಯಲ್ಲಿ ಒಂದು ಕಾಟಿಯ, ಅಂದರೆ ಕಾಡುಕೋಣದ, ತಲೆ ಅರ್ಧ ಮೂಡಿತ್ತು. ಒಂದು ಕೊಂಬಿನ ಕೆಲಸ ಮುಗಿದಿತ್ತು, ಇನ್ನೊಂದು ಶುರುವಾಗಿರಲಿಲ್ಲ.

ಬೋರ್ಡಕ್ಕನ ಎಡಗೆನ್ನೆಯಲ್ಲಿ ಹೆಸರುಕಾಳಿನಷ್ಟು ಗುಳಿ ಇತ್ತು. ನಕ್ಕರೆ ಅದು ಆಳವಾಗುತ್ತಿತ್ತು. ಮೊದಲು ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದವರು, ಫ್ಲೆಕ್ಸ್ ಬಂದು ಆ ಕೆಲಸ ಹೋದಾಗ ಕೊಯಮತ್ತೂರಿನಿಂದ ಹಳೆಯದೊಂದು ಸಿಎನ್‌ಸಿ ರೂಟರ್ ತರಿಸಿಕೊಂಡರು. ಕಂಪ್ಯೂಟರಿನಲ್ಲಿ ಬಿಡಿಸಿದ ಅಕ್ಷರ, ಹಕ್ಕಿ, ಹುಲಿಗಳನ್ನು ಆ ಮೆಷಿನ್ ಹಲಗೆಯಲ್ಲಿ ಉಬ್ಬಿಸಿ ಕೆತ್ತುತ್ತಿತ್ತು. ಹೊರನಾಡಿನ ಲಾಡ್ಜುಗಳ ಹೆಸರು, ಹೋಂಸ್ಟೇಗಳ ಮಂಗಟ್ಟೆ ಹಕ್ಕಿ, ಎಸ್ಟೇಟ್ ಗೇಟುಗಳ ಬೋರ್ಡು ಎಲ್ಲ ಅಲ್ಲಿಂದಲೇ ಹೋಗುತ್ತಿದ್ದವು. ತಂದ ಹೊಸತರಲ್ಲಿ ಹಲಗೆಯೊಳಗೆ ಮೊಳೆ ಇದ್ದದ್ದು ಗೊತ್ತಾಗದೆ ಕೆತ್ತುವ ಬಿಟ್ ಸಿಡಿಯಿತು. ಒಂದು ಚೂರು ಕೆನ್ನೆ ತೂರಿ ಹಲ್ಲಿಗೆ ಬಡಿದು ನಿಂತಿತು. ಅಂದಿನಿಂದ ಮೆಷಿನ್‌ಗೆ ಏರಿಸುವ ಮೊದಲು ಪ್ರತಿ ಹಲಗೆಯ ಮೇಲೂ ಅಯಸ್ಕಾಂತ ಎಳೆಯುತ್ತಿದ್ದರು.

ಇನ್ನೊಂದು ರೂಢಿಯೂ ಇತ್ತು. ಆ ಮೆಷಿನ್‌ಗೆ ಯಾರೋ ತಪ್ಪಾಗಿ ವೈರ್ ಮಾಡಿದ್ದರು. ಮೆಷಿನ್ನಿನ ಮೈಮೇಲಿದ್ದ ಹಸಿರು ಗುಂಡಿ ಒತ್ತಿದ ಕೂಡಲೇ, ಕಂಪ್ಯೂಟರ್ ಬಂದ್ ಇದ್ದರೂ, ಬಿಟ್ ತಿರುಗುತ್ತಲೇ ಎಡಮೂಲೆಗೆ ಓಡಿ, ಅಲ್ಲಿಂದ ಕೆಲಸ ಶುರು ಮಾಡುತ್ತಿತ್ತು. ಹಾಗಾಗಿ ಗುಂಡಿ ಒತ್ತುವ ಮೊದಲು ಅವರು ರಸ್ತೆಗೆ ಕೇಳುವಂತೆ ಕೂಗುತ್ತಿದ್ದರು: "ಮೂಲೆ ಬಿಡಿ!" ನಾನು ಎದುರಿನ ಮಹಡಿಯಲ್ಲಿ ಬಾಡಿಗೆಗಿದ್ದು ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ದಿನಕ್ಕೆ ಹಲವು ಸಲ ಆ ಕೂಗು ಕೇಳುತ್ತಿತ್ತು. ಜಾವಳಿಯ ಹೋಂಸ್ಟೇ ಮಾಲೀಕರೊಬ್ಬರು ಒಮ್ಮೆ ಮೂಲೆಯ ಮೇಲೆ ಕೈಯೂರಿ ಫೋಟೋ ತೆಗೆಸಿಕೊಳ್ಳಲು ಹೋದಾಗ ಅಕ್ಕ ಆ ಕೈಗೆ ಫಟ್ಟನೆ ಹೊಡೆದರು. "ಬೆರಳು ಮನೆಗೆ ತಗೊಂಡ್ಹೋಗಿ ಸ್ವಾಮಿ. ಇಲ್ಲಿ ಬಿಟ್ರೆ ನಾನು ಕಾಯ್ಕೊಂಡ್ ಕೂತ್ಕಬೇಕಾಯ್ತದೆ."

ಬೈಯುವುದರಲ್ಲಿ ಮೇಲು ಕೀಳು ನೋಡುತ್ತಿರಲಿಲ್ಲ. ನನ್ನ ಒಂದು ವರದಿಯಲ್ಲಿ 'ಸುಮಾರು' ಎಂಬ ಪದ ಕಂಡು ಪೇಪರನ್ನು ಮುಖಕ್ಕೆ ಎಸೆದಿದ್ದರು. "ಸುಮಾರಿಗೆ ಅಂತ ಕೊರೆದ್ರೆ ಕಾಟಿ ಎಮ್ಮೆ ಆಯ್ತದೆ ಮಾರಾಯ. ನೋಡಿದ್ದಷ್ಟು ಬರಿ."

ಅವರ ಹತ್ತಿರ ಬೋರ್ಡುಗಳನ್ನು ಉಜ್ಜಿ ಬಣ್ಣ ಕೊಡುವ ಕೆಲಸಕ್ಕೆ ಒಬ್ಬ ಹೆಂಗಸಿದ್ದಳು. ಆಕೆಯ ಗಂಡ ಮೆಣಸು ಕೊಯ್ಯುವವನು. ಕೆಲವು ವರ್ಷಗಳ ಹಿಂದೆ ಎಸ್ಟೇಟ್ ಒಂದರ ಕಣದ ಪಕ್ಕದಲ್ಲಿ ಧಣಿಯ ಕೋವಿಯ ಗುಂಡು ತಗುಲಿ ಸತ್ತಿದ್ದ. ಹಂದಿಗೆ ಒಂದೇ ಗುಂಡು ಹಾರಿಸಿದೆ, ಅದು ಕಲ್ಲಿಗೆ ಬಡಿದು ತಿರುಗಿತು ಎಂದು ಧಣಿ ಹೇಳಿಕೆ ಕೊಟ್ಟಿದ್ದರು. ಅಜಾಗರೂಕತೆಯ ಪ್ರಕರಣವೆಂದು ದಾಖಲಾಯಿತು. ಕೂಲಿಯವರ ಲೈನ್‌ಮನೆಯಲ್ಲಿದ್ದ ತನಗೆ ಎರಡು ಸದ್ದು ಕೇಳಿಸಿತ್ತು ಎಂದು ಆಕೆ ಠಾಣೆಯಲ್ಲಿ ಹೇಳಿದಳು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಎಸ್ಟೇಟಿನವರು ಆಕೆಯನ್ನು ಕೆಲಸ ಬಿಡಿಸಿದಾಗ ಬೋರ್ಡಕ್ಕ ಕರೆದು ಮರಳುಕಾಗದ ಕೈಗೆ ಕೊಟ್ಟರು.

ಎಸ್ಟೇಟಿನ ಬೋರ್ಡಿಗೆ ಎಸ್ಟೇಟಿನದೇ ಮರ ಆಗಬೇಕೆಂಬುದು ನಮ್ಮ ಕಡೆ ಒಂದು ಹಮ್ಮು. ಸಾವು ನೋಡಿದ ಮರ ಬೇಡವೆಂದು ಅದೇ ಧಣಿ ಕಣದ ಪಕ್ಕದ ಹಲಸನ್ನು ಕಡಿಸಿದರು. ಆದರೆ ಒಳ್ಳೆಯ ಹಲಗೆಯನ್ನು ಬಿಡಲು ಮನಸ್ಸಾಗಲಿಲ್ಲ. ತೋಟದ ಲೆಕ್ಕ ನೋಡುವ ರೈಟರ್ ಅದನ್ನು ಜೀಪಿನಲ್ಲಿ ತಂದ. ಮುನ್ನುಗ್ಗುವ ಕಾಟಿಯ ತಲೆ, ಕೆಳಗೆ ಎಸ್ಟೇಟಿನ ಹೆಸರು. ಅಕ್ಕ ಅಯಸ್ಕಾಂತ ಎಳೆದರು. ಅದು ಎಲ್ಲಿಯೂ ಕಚ್ಚಲಿಲ್ಲ.

ಶಿವರಾತ್ರಿಯ ಹಿಂದಿನ ದಿನ ಅಕ್ಕ ಕಿಟಕಿಯಿಂದ ನನ್ನನ್ನು ಕರೆದರು. ಮೆಷಿನ್ ನಿಂತಿತ್ತು. ಕಾಟಿಯ ಹಣೆಯ ನಡುವೆ ಬೂದುಬಣ್ಣದ ಒಂದು ಬಿಲ್ಲೆ ಹೊಳೆಯುತ್ತಿತ್ತು. ಸೀಸ, ಕೋವಿಯ ಗುಂಡಿನದು. ಅಯಸ್ಕಾಂತ ಸೀಸವನ್ನು ಹಿಡಿಯುವುದಿಲ್ಲ. "ಮರ ಆದ್ರೆ ಗುಂಯ್ ಅಂತದೆ, ಮೊಳೆ ಆದ್ರೆ ಕಿರುಚ್ತದೆ. ಇದು ಸದ್ದೇ ಇಲ್ದೆ ಮೆತ್ತಗಾಯ್ತು," ಎಂದರು. ಹಲಗೆಯಲ್ಲಿ ಮರದ ಬುಡ ಯಾವ ಕಡೆ ಎಂಬುದು ಸ್ಪಷ್ಟವಿತ್ತು. ಸೀಸ ಇದ್ದದ್ದು ಬುಡದಿಂದ ಮನುಷ್ಯನ ಎದೆಯ ಎತ್ತರದಲ್ಲಿ.

ಬಣ್ಣದ ಕೆಲಸದ ಹೆಂಗಸು ಅದನ್ನು ಮುಟ್ಟಲಿಲ್ಲ. "ನಾ ಹೇಳಿದ್ದೆ, ಎರಡು," ಎಂದಳು.

ಕೆಲಸ ಎಷ್ಟಾಯಿತೆಂದು ನೋಡಲು ಸಂಜೆ ರೈಟರ್ ಬಂದ. ನೋಡಿದವನು ಆ ಬಿಲ್ಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದ.

"ಅಕ್ಕ, ಅದು ಗಂಟು. ಫಿಲ್ಲರ್ ಮೆತ್ತಿ ಬಣ್ಣ ಹೊಡೀರಿ."

"ಗಂಟು ಹೊಳೆಯಲ್ಲ ರೈಟ್ರೇ."

"ಧಣಿಯವ್ರ ಹಲಗೆ. ವಾಪಸ್ ಕೊಡಿ ಹಂಗಾದ್ರೆ."

"ಪೊಲೀಸ್ರು ಬಂದು ತಗೊಂಡ್ ಹೋಗ್ಲಿ. ಆಮೇಲೆ ಅವ್ರ ಹತ್ರ ಕೇಳ್ಕಳಿ."

ಆ ಸಂಜೆಯೇ ಠಾಣೆಗೆ ಫೋನ್ ಮಾಡಿದರು. ಹಬ್ಬದ ಬಂದೋಬಸ್ತು ಮುಗಿಸಿ ಬರುತ್ತೇವೆಂದು ಉತ್ತರ ಬಂತು. ಅಕ್ಕ ಹಲಗೆಯನ್ನು ಅಡಿಯಿಂದಲೂ ಬೋಲ್ಟ್ ಹಾಕಿ ಮೆಷಿನ್‌ಗೆ ಬಿಗಿದರು. ಆ ಹೆಂಗಸನ್ನು ತಮ್ಮ ಮನೆಯಲ್ಲೇ ಮಲಗಿಸಿಕೊಂಡರು.

ಮರುದಿನದ ಹಬ್ಬ ಕಳೆದು, ಅದರ ಮಾರನೆಯ ಬೆಳಿಗ್ಗೆ ಪೊಲೀಸರಿಗಿಂತ ಮೊದಲು ಆ ಮೂವರು ಬಂದರು. ಮೊದಲ ಪೆಟ್ಟು ಕಂಪ್ಯೂಟರಿಗೆ ಬಿತ್ತು, ಎರಡನೆಯದು ಅಕ್ಕನ ಬಲಗೈಗೆ. ಮೂಳೆ ಮುರಿದ ಸದ್ದು ಎದುರಿನ ಮಹಡಿಗೆ ಕೇಳಿಸಿತು. ನಾನು ಮೆಟ್ಟಿಲು ಇಳಿದು ರಸ್ತೆ ದಾಟುವುದರೊಳಗೆ ಬಣ್ಣದ ಹೆಂಗಸಿನ ಕೂದಲು ಹಿಡಿದು ಗೋಡೆಗೆ ಬಡಿದಿದ್ದರು. ಅಕ್ಕ ನೆಲದಲ್ಲಿದ್ದರು, ಕಿವಿಯಿಂದ ರಕ್ತ ಇಳಿಯುತ್ತಿತ್ತು. ಹಲಗೆ ಅಲುಗಲಿಲ್ಲ. ಅದನ್ನು ಮೀಟಲು ಒಬ್ಬ ಎಡಮೂಲೆಯ ಮೇಲೆ ಕೈಯೂರಿ ಬಗ್ಗಿದ. ಅಕ್ಕ ತೆವಳಿಕೊಂಡು ಹೋಗಿ ಎಡ ಮೊಣಕೈಯಿಂದ ಹಸಿರು ಗುಂಡಿ ಒತ್ತಿದರು. ಬಿಟ್ ಮೂಲೆಗೆ ಓಡಿತು. ಅವನ ರಕ್ತ ತಗಡಿನ ಮಾಡಿನವರೆಗೆ ಹಾರಿತು. ಅವನನ್ನು ಎಳೆದುಕೊಂಡು ಉಳಿದಿಬ್ಬರು ಜೀಪು ಹತ್ತಿದರು.

ನಾನು ಕಳಿಸಿದ ಸುದ್ದಿಗೆ ಪತ್ರಿಕೆ 'ಐದಾರು ಮಂದಿಯ ಗುಂಪಿನ ದಾಳಿ' ಎಂದು ತಲೆಬರಹ ಕೊಟ್ಟಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಅಕ್ಕ ಅದನ್ನು ಓದಿಸಿ ಕೇಳಿದರು. "ಮೂರೇ ಜನ. ತಿದ್ದಿಸು," ಎಂದರು. ಮರುದಿನ ತಿದ್ದುಪಡಿ ಅಚ್ಚಾಯಿತು.

ಅದೇ ವಾರ್ಡಿನಲ್ಲಿ ಪೊಲೀಸರು ಅವರ ಹೇಳಿಕೆ ಪಡೆದರು. ನಾನು ಬಾಗಿಲಲ್ಲಿದ್ದೆ. ಗುಂಡಿ ಒತ್ತುವ ಮೊದಲು ಎಂದಿನಂತೆ ಕೂಗಿದಿರಾ ಎಂದು ಅಧಿಕಾರಿ ಕೇಳಿದರು. ಅಕ್ಕನ ಮಾತು ತಡವರಿಸುತ್ತಿತ್ತು, ಉತ್ತರ ತಡವರಿಸಲಿಲ್ಲ.

"ಇಲ್ಲ. ಅವತ್ತು ಕೂಗ್ಲಿಲ್ಲ. ಹಂಗೇ ಬರ್ಕಳಿ."

ಬೆರಳು ಹೋದದ್ದಕ್ಕೆ ಅವರ ಮೇಲೂ ಒಂದು ಪ್ರಕರಣ ದಾಖಲಾಯಿತು. ಆ ತಿಂಗಳು ಮುಗಿಯುವ ಮೊದಲೇ, ತಲೆಯೊಳಗೆ ಮತ್ತೆ ರಕ್ತ ಸೋರಿ, ಅಕ್ಕ ತೀರಿಕೊಂಡರು. ಅವರ ಮೇಲಿದ್ದ ಪ್ರಕರಣ ಅಲ್ಲಿಗೆ ಮುಗಿಯಿತು. ಹಲಗೆಯಲ್ಲಿ ಸಿಕ್ಕ ಗುಂಡಿನ ಆಧಾರದ ಮೇಲೆ ಮೆಣಸು ಕೊಯ್ಯುವವನ ಸಾವನ್ನು ಕೊಲೆ ಪ್ರಕರಣವಾಗಿ ಬದಲಿಸಲಾಯಿತು. ಮೂವರೂ, ರೈಟರೂ, ಧಣಿಯೂ ಈಗ ಆರೋಪಿಗಳು.

ಕಳೆದ ವಾರ ಹಲಗೆಯನ್ನು ನ್ಯಾಯಾಲಯಕ್ಕೆ ತಂದು ಗೋಡೆಗೆ ಒರಗಿಸಿದ್ದರು. ಬಣ್ಣದ ಹೆಂಗಸು ಸಾಕ್ಷಿ ಹೇಳಿದಳು. ಎಷ್ಟು ಸದ್ದು ಕೇಳಿಸಿತ್ತು ಎಂದು ಸರ್ಕಾರಿ ವಕೀಲರು ಕೇಳಿದರು. ಎರಡು ಎಂದಳು. ಅದನ್ನು ಬರೆದುಕೊಳ್ಳಲಾಯಿತು.