ಕರ್ಚೀಪು ಹಾಕಿದ ಸೀಟು

ಮೂಡಲಗಿಗೆ ಕೆಲಸಕ್ಕ ಹೊಂಟಿದ್ದೆ. ಗೋಕಾಕದಾಗ ಬಸ್ ಹತ್ತಿದ್ರ ಒಂದ ಸೀಟು ಖಾಲಿ, ಅದರ ಮ್ಯಾಲೂ ಕರ್ಚೀಪು. ಕಿಡಕಿ ಕಡೆ ಕುಂತಾಕಿ ಅರಭಾವಿ ಕಾಲೇಜಿನ ಹುಡುಗಿ.

"ಗೆಳತಿ ಬರೂದೈತೇನವಾ?"

"ಗೆಳತಿ ಅಲ್ರಿ ಅಕ್ಕಾರ. ಆಕಿದು ಆ ಪಾರ್ಟಿ, ನಂದು ಈ ಪಾರ್ಟಿ. ಎಲೆಕ್ಷನ್ ಆದಾಗಿಂದ ಕಾಲೇಜಿನ್ಯಾಗ ಎರಡೂ ಕಡೆಯವರು ಮಾತ ಬಿಟ್ಟಾರ್ರಿ."

"ಮತ್ತ ಸೀಟ್ ಯಾಕ ಹಿಡದಿ?"

"ನಿನ್ನೆ ಬಸ್ಸಿನ್ಯಾಗ ಒಂದ ಪ್ರಶ್ನೆ ಕೇಳಿ ಇಳದ ಹೋದ್ಲರಿ. ಇವತ್ತ ಉತ್ತರಾ ಹೇಳಬೇಕು. ನಿಂತ್ರ ಆಕಿ ಅರ್ಧಾ ಕೇಳ್ತಾಳ, ಕುಂತ್ರ ಪೂರಾ ಕೇಳ್ತಾಳರಿ."

ಆ ಹುಡುಗಿ ಬಂದ್ಲು. ಕರ್ಚೀಪು ಮಡಚಿ ಕೊಟ್ಟು ಕುಂತ್ಲು. ಜಗಳಾ ಸುರು ಆತು. ನನ್ನ ಕಾಲು ಯಾವ ಪಾರ್ಟಿಗೂ ಸೇರಿದ್ದಿಲ್ಲ, ಆದ್ರೂ ನಿಂತಿದ್ದು ಅವೇ. ನಡಕ ಒಮ್ಮೆ ನಾನೂ ಬಾಯಿ ಹಾಕಿದೆ. ಇಬ್ಬರೂ ಕೂಡೇ ತಿರುಗಿ, "ತಡೀರಿ ಅಕ್ಕಾರ, ಮಾತ ಮುಗೀಲಿ" ಅಂದ್ರು.

ಅರಭಾವಿಯೊಳಗ ಇಳದು, ಗುರ್ತ ಇಲ್ಲದವರಂಗ ಒಬ್ಬಾಕಿ ಮುಂದ, ಒಬ್ಬಾಕಿ ಹಿಂದ ನಡದ್ರು.

ನನಗ ಸೀಟು ಸಿಕ್ತು. ಬಾಜೂ ಬಂದ ಕುಂತ ಹೆಣ್ಮಗಳಿಗೆ ಆ ಜಗಳದ ಮ್ಯಾಲ ನನ್ನ ವಿಚಾರ ಪೂರಾ ಹೇಳಿದೆ. ಆಕಿ ಎಲ್ಲಾದಕ್ಕೂ "ಖರೇರಿ, ಖರೇರಿ" ಅಂದ್ಲು. ಕಲ್ಲೋಳಿ ಬರೂದರಾಗ ನಿದ್ದಿ ಹೋಗಿದ್ಲು.