ಬನ್ನಿ ಮರದ ಬುಡದ ಮಣ್ಣು

ನಾನು ಅಕ್ಕ ಎನ್ನುತ್ತಿದ್ದ ಹಟ್ಟಿಯ ಮುದುಕಿಯ ಅಂಗೈಗಳಲ್ಲಿ ರೇಖೆಗಳೇ ಉಳಿದಿರಲಿಲ್ಲ. ಕುರಿಯ ಉಣ್ಣೆ ಹೊಸೆದು ಹೊಸೆದು ಸವೆದುಹೋಗಿದ್ದವು. ಆ ನುಣುಪು ಅಂಗೈಗಳಿಗೆ ಬೆಳಗ್ಗೆ ಯಾವಾಗ ನೋಡಿದರೂ ಒದ್ದೆ ಮಣ್ಣು ಮೆತ್ತಿರುತ್ತಿತ್ತು.

ನಾನು ವ್ಯಾಯಾಮದ ಮೇಷ್ಟ್ರಾಗಿದ್ದವನು. ನಿವೃತ್ತಿಯ ಮೇಲೂ ಬೆಳಗಿನ ನಡಿಗೆ ತಪ್ಪಿಸಲಿಲ್ಲ. ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ತೆಂಗಿನ ತೋಟ ಮುಗಿಯುವಲ್ಲಿ ಒಂದು ಬನ್ನಿ ಮರವಿದೆ. ನಾನು ಅಲ್ಲಿಗೆ ಬರುವ ಹೊತ್ತಿಗೆ ಅಕ್ಕ ಒಂದು ಬಿಂದಿಗೆ ನೀರನ್ನು ಬುಡಕ್ಕೆ ಸುರಿದು, ಕುಕ್ಕರಗಾಲಲ್ಲಿ ಕೂತು, ಅದು ಇಂಗುವುದನ್ನೇ ಕಾಯುತ್ತಿರುತ್ತಿದ್ದಳು. ಮರ ಕುಡಿಯುವ ಮೊದಲು ಅವಳು ಹನಿ ನೀರೂ ಕುಡಿಯುತ್ತಿರಲಿಲ್ಲ. ಇಂಗಿದ ಮೇಲೆ ಅಂಗೈಗಳನ್ನು ಮಣ್ಣಿಗೆ ಒತ್ತಿ ಹರಸುತ್ತಿದ್ದಳು. ಇದನ್ನು ಪೂಜೆ ಎನ್ನದವರು ಎನ್ನದಿರಲಿ.

"ಹುಲ್ಲು ಸಂದಾಕಿರ್ಲಿ. ಕುರಿ ಸಂದಾಕಿರ್ಲಿ. ತೋಳ ಸಂದಾಕಿರ್ಲಿ."

"ತೋಳ ಯಾಕಕ್ಕ? ನಿನ್ನ ಕುರೀನೇ ತಿನ್ನೋದಲ್ವಾ ಅದು?" ಎಂದು ಒಮ್ಮೆ ಕೇಳಿದೆ.

"ಅದ್ನೂ ಭೂಮ್ತಾಯೇ ಹೆತ್ತಿರೋದು ಕಣ್ ಮೇಷ್ಟ್ರೇ. ನಂಗಾಗಲ್ಲ ಅಂತ ಬುಟ್ಟುಬುಡಕ್ಕಾಯ್ತದಾ? ನಿಮ್ಮನ್ನೂ ಸೇರಿಸ್ಕಂಡಿಲ್ವಾ?"

ಆ ಮರದ ಕಟ್ಟೆ ನೋಡಿಕೊಳ್ಳುವ ಊರ ಸಮಿತಿಗೆ ನಾನೇ ಕಾರ್ಯದರ್ಶಿ. ಉದುರಿದ ಎಲೆ, ಕೆಸರು, ಇರುವೆ ಗೂಡು ಯಾವುದೂ ನನ್ನ ಕಣ್ಣಿಗೆ ಸರಿಬರುತ್ತಿರಲಿಲ್ಲ. ಅಕ್ಕ ಮಗಳ ಮನೆಗೆಂದು ಹುಳಿಯಾರಿಗೆ ಹೋದ ವಾರ, ಕಾಂಡದವರೆಗೂ ಸಿಮೆಂಟ್ ಹಾಕಿಸಿ, ಅಳತೆ ಹಿಡಿದು ಅಂದವಾಗಿ ಗೆರೆ ಎಳೆಸಿದೆ. ಅಧ್ಯಕ್ಷರು ಬೆನ್ನು ತಟ್ಟಿದರು.

ಅಕ್ಕ ಹಿಂದಿರುಗಿದಳು. ಸುರಿದ ನೀರು ರಸ್ತೆಗೆ ಹರಿಯಿತು. ಮತ್ತೊಂದು ಬಿಂದಿಗೆ ತಂದಳು, ಅದೂ ಹರಿಯಿತು. ಮಧ್ಯಾಹ್ನದವರೆಗೂ ಒಣಗಿದ ಬಾಯಲ್ಲೇ ಕೂತಿದ್ದಳು. ಬಳಿಕ ಎದ್ದುಹೋಗಿ ಹಾರೆ ಹಿಡಿದು ಬಂದಳು. ಸುದ್ದಿ ತಿಳಿದು ನಾನೂ ಅಧ್ಯಕ್ಷರೂ ಓಡಿದೆವು.

"ಏನಜ್ಜಿ, ತಲೆ ಕೆಟ್ಟೈತಾ? ಸಮಿತಿ ಕೆಲ್ಸ ಕಣಮ್ಮ ಇದು!" ಎಂದರು ಅಧ್ಯಕ್ಷರು.

"ನಿನ್ ಬಾಯಿಗೆ ಸಿಮೆಂಟ್ ಮೆತ್ತಿ ಮುದ್ದೆ ಮುಂದಿಡ್ಲಾ? ಉಣ್ತೀಯಾ?"

"ಪೊಲೀಸ್ರನ್ನ ಕರೀತೀನಿ."

"ಕರಿ. ಅವ್ರು ಬರೋಗಂಟ ನಾನ್ ಸುಮ್ನೆ ಕೂರಕ್ಕಾಯ್ತದಾ?"

ಹಾರೆ ಎತ್ತಿ ಹಾಕಿದಳು. ಎಂಬತ್ತು ದಾಟಿದ ತೋಳು, ಸಿಮೆಂಟಿನ ಒಂದು ಚೂರಷ್ಟೇ ಎದ್ದಿತು. ನನ್ನ ಕಡೆ ತಿರುಗಿದಳು. "ಗೆರೆ ನೋಡಿದ್ರೇ ಗೊತ್ತಾಯ್ತದೆ ಮೇಷ್ಟ್ರೇ, ನಿಮ್ದೇ ಕೆಲ್ಸ. ಹಿಡೀರಿ, ನೀವೇ ಕೀಳಿ."

ಜೀವಮಾನವಿಡೀ ಆಜ್ಞೆ ಕೊಟ್ಟವನು ಅಂದು ಪಾಲಿಸಿದೆ. ಅಧ್ಯಕ್ಷರು ಕೂಗುತ್ತಲೇ ಇದ್ದರು, ನಾನು ಕೀಳುತ್ತಲೇ ಇದ್ದೆ. ಮಣ್ಣು ಕಂಡ ಕೂಡಲೇ ಅಕ್ಕ ಇನ್ನೊಂದು ಬಿಂದಿಗೆ ನೀರು ತಂದು ಸುರಿದಳು. ಅದು ಗುಳುಗುಳು ಇಳಿಯಿತು. ತಳದಲ್ಲಿ ಉಳಿಸಿಕೊಂಡಿದ್ದ ಗುಟುಕನ್ನು ಆಮೇಲೆಯೇ ತಾನು ಕುಡಿದಳು.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ತಿಂಗಳು ತುಂಬುವ ಮೊದಲೇ ಸಮಿತಿ ಸಭೆ ಸೇರಿತು. ಅವಳ ನೆನಪಿಗೆಂದು ಮರದ ಸುತ್ತ ಗ್ರಾನೈಟ್ ಹಾಸಿ, ಹೆಸರು ಕೆತ್ತಿಸಬೇಕಂತೆ!

ನಾನು ಎದ್ದು ನಿಂತೆ. "ಹಾಸ್ರಿ. ಮಾರನೇ ಬೆಳಗ್ಗೆ ನಾನೇ ಹಾರೆ ತರ್ತೀನಿ. ಪೊಲೀಸ್ರಿಗೆ ಈಗ್ಲೇ ಹೇಳಿಡಿ."

"ಏನ್ರೀ ಮೇಷ್ಟ್ರೇ, ಆ ಮುದುಕಿ ಹುಚ್ಚು ನಿಮಗೂ ಹಿಡೀತಾ?" ಎಂದರು ಅಧ್ಯಕ್ಷರು.

ಹಿಡಿದಿದೆ. ಕಾರ್ಯದರ್ಶಿ ನಾನೇ ಆದ್ದರಿಂದ, ಹಾಗೆಂದೇ ನಡಾವಳಿ ಪುಸ್ತಕದಲ್ಲಿ ಬರೆದು ಕೆಳಗೆ ರುಜು ಹಾಕಿದೆ.